ಹಿತ್ತಲಿನ ಪೈಲ್ವಾನನ ಆರೈಕೆ

ಕಾರಿನ ಮಾತೆಂದ ಕೂಡಲೇ ಪುಟ ತಿರುವಿಬಿಡಬೇಡಿ, ಗೆಳತಿಯರೇ! ‘ಅದೆಲ್ಲ ಗಂಡಸರ ಕೆಲಸ, ನಮಗ್ಯಾಕಮ್ಮಾ’ ಎಂದು ನಾನೂ ಎಷ್ಟೋ ವರ್ಷ ಹೇಳಿಕೊಂಡು ಬಂದವಳೇ. ನಾನು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ. ವಿಜ್ಞಾನದಲ್ಲಿ ಬಂದದ್ದು 38 ಅಂಕ. ಅಂಥವಳು ಈಗ ತಿಂಗಳಿಗೊಂದು ಭಾನುವಾರ, ತಿಂಡಿಯ ಕೆಲಸ ಮುಗಿದ ಮೇಲೆ, ನಮ್ಮವರ ಹಳೇ ಅಂಗಿ ತೊಟ್ಟು ಬಾನೆಟ್ ಎತ್ತಿ ನಿಲ್ಲುತ್ತೇನೆ. ಮೊದಮೊದಲು ಬೀದಿಯವರು ಕಾಂಪೌಂಡಿನ ಆಚೆಯಿಂದ ಇಣುಕಿ ನೋಡುತ್ತಿದ್ದರು. ಈಗ ‘ಏನ್ರೀ, ನಮ್ಮ ಸ್ಕೂಟರ್ ಯಾಕೋ ಕೆಮ್ಮುತ್ತೆ’ ಎಂದು ಕೇಳಲು ಬರುತ್ತಾರೆ!

ನಮ್ಮದು 1985ರ ಕಾಂಟೆಸಾ. ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಮಾವನವರು ಆಸೆಪಟ್ಟು ಕೊಂಡದ್ದು. ಇದರ ಜಾತಕ ಸ್ವಲ್ಪ ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ 1970ರ ದಶಕದಲ್ಲಿ ಓಡಾಡುತ್ತಿದ್ದ ವಾಕ್ಸ್‌ಹಾಲ್ ಎಂಬ ಕಾರಿನ ಮಾದರಿಯನ್ನು ತಂದು, ಅಂಬಾಸಿಡರ್ ಮಾಡುತ್ತಿದ್ದ ಹಿಂದೂಸ್ತಾನ್ ಮೋಟಾರ್ಸ್‌ನವರೇ 1984ರಲ್ಲಿ ಇದನ್ನು ಮಾರುಕಟ್ಟೆಗೆ ಬಿಟ್ಟರು. 2002ರಲ್ಲಿ ತಯಾರಿಕೆ ನಿಂತಿತು. ಉದ್ದನೆಯ ಮೂತಿ, ಅಗಲ ಮೈ. ನಮ್ಮ ಮಗರಾಯ ಇದನ್ನು ‘ಇಂಡಿಯಾದ ಮಸಲ್ ಕಾರ್’ ಎನ್ನುತ್ತಾನೆ. ಅಮೆರಿಕದಲ್ಲಿ 1964ರಲ್ಲಿ ಬಂದ ಪಾಂಟಿಯಾಕ್ ಜಿ.ಟಿ.ಓ. ಎಂಬ ಕಾರಿನಿಂದ ಈ ಹೆಸರಿನ ಹುಚ್ಚು ಶುರುವಾಯಿತಂತೆ. ಅದಕ್ಕೆ ಎಂಟು ಸಿಲಿಂಡರಿನ, 6.4 ಲೀಟರಿನ ಎಂಜಿನ್. ನಮ್ಮದಕ್ಕೆ? 1489 ಸಿ.ಸಿ. ಅಂದರೆ ಅದರ ಕಾಲು ಭಾಗಕ್ಕೂ ಕಡಿಮೆ. ಅದೂ ಅಂಬಾಸಿಡರಿಗೆ ಹಾಕುತ್ತಿದ್ದ ಅದೇ ಎಂಜಿನ್! ಮೈಕಟ್ಟು ಪೈಲ್ವಾನನದು, ಉಸಿರು ಗುಮಾಸ್ತರದು. ಆಮೇಲೆ ಇದೇ ಗಾಡಿಗೆ 1.8 ಲೀಟರಿನ ಇಸುಜು ಎಂಜಿನ್ ಬಂತು. ಮಾವನವರು ಅವಸರಪಟ್ಟು ಮೊದಲೇ ಕೊಂಡುಬಿಟ್ಟಿದ್ದರು.

ಹಾಗೆಂದು ಆ ಗುಮಾಸ್ತರ ಉಸಿರನ್ನು ಹೀಗಳೆಯುವಂತಿಲ್ಲ. ಇವತ್ತಿಗೂ ಈ ಗಾಡಿ ನಮ್ಮ ಕೈಗೆ ಬಗ್ಗುವುದು ಅದರಿಂದಲೇ. ಅಂಬಾಸಿಡರ್ 2014ರವರೆಗೂ ತಯಾರಾಗುತ್ತಿತ್ತಲ್ಲ, ಎಂಜಿನ್ನಿನ ಸಾಮಾನು ಹುಡುಕಿದರೆ ಸಿಗುತ್ತದೆ. ಬಾನೆಟ್ ತೆಗೆದರೆ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಯಾವುದು ಎಲ್ಲಿಗೆ ಹೋಗುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಮಿಕ್ಸಿ ಬಿಚ್ಚಿ ಕಾರ್ಬನ್ ಬದಲಿಸಿದ ಅನುಭವವಿದ್ದವರಿಗೆ ಇದೇನೂ ಬ್ರಹ್ಮವಿದ್ಯೆಯಲ್ಲ.

2014ರಲ್ಲಿ ಮಾವನವರು ತೀರಿಕೊಂಡರು. ಗಾಡಿ ಹಿತ್ತಲಿನ ತಗಡಿನ ಶೆಡ್ಡು ಸೇರಿತು. ನಮ್ಮವರಿಗೆ ಅದನ್ನು ಮುಟ್ಟಲು ಮನಸ್ಸಿಲ್ಲ, ಮಾರಲು ಅತ್ತೆಯವರಿಗೆ ಮನಸ್ಸಿಲ್ಲ. ಮೂರು ವರ್ಷ ಅದರ ಮೇಲೆ ಖಾಲಿ ಗೋಣಿಚೀಲ ಒಣಗಿಸಿದೆವು. ಓಡಿಸಿದರೆ ಗಾಡಿ ಸವೆಯುತ್ತದೆ, ನಿಲ್ಲಿಸಿದರೆ ಹಾಗೇ ಉಳಿಯುತ್ತದೆ ಎಂದುಕೊಂಡಿದ್ದೆವು. ಎಂಥ ತಪ್ಪು ಲೆಕ್ಕ! ನಿಂತ ಗಾಡಿ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ ಎತ್ತಿನ ಹಾಗೆ, ಕಾಲು ಮರೆತುಬಿಡುತ್ತದೆ. 2017ರಲ್ಲಿ ಮತ್ತೆ ಎಬ್ಬಿಸಲು ಹೋದಾಗ ಟ್ಯಾಂಕಿನ ಪೆಟ್ರೋಲು ವಾರ್ನಿಷ್ ವಾಸನೆ ಹೊಡೆಯುತ್ತಿತ್ತು. ರಬ್ಬರ್ ಪೈಪುಗಳು ಬೆರಳಿನಲ್ಲಿ ಹಿಂಡಿದರೆ ಸುಟ್ಟ ಹಪ್ಪಳದ ಹಾಗೆ ಸೀಳುತ್ತಿದ್ದವು. ಸೀಟಿನ ಕೆಳಗೆ ಇಲಿಗಳ ಸಂಸಾರ, ಮಕ್ಕಳುಮರಿ ಸಮೇತ.

ಊರಿನ ಒಂದು ವರ್ಕ್‌ಶಾಪಿಗೆ ಕೊಟ್ಟೆವು. (ಹೆಸರು ಬೇಡ ಬಿಡಿ.) ಹತ್ತೊಂಬತ್ತು ಸಾವಿರದ ಬಿಲ್ಲು. ಅದರಲ್ಲಿ ‘ಬ್ರೇಕ್ ಆಯಿಲ್ ಬದಲಿ’ ಎಂದು ಸ್ಪಷ್ಟವಾಗಿ ಬರೆದಿತ್ತು. ಅದೇ ವರ್ಷ ಡಿಸೆಂಬರಿನಲ್ಲಿ ಅತ್ತೆಯವರ ಹರಕೆ ತೀರಿಸಲು ಧರ್ಮಸ್ಥಳಕ್ಕೆ ಹೊರಟೆವು. ನಮ್ಮವರ ಕೈಲಿ ಸ್ಟೀರಿಂಗ್, ಪಕ್ಕದಲ್ಲಿ ಮಗ, ಹಿಂದೆ ಅತ್ತೆ, ನಾನು, ಮಗಳು. ಸಕಲೇಶಪುರದವರೆಗೂ ಹಾಡು, ಚಕ್ಕುಲಿ, ನಗು. ಶಿರಾಡಿ ಘಾಟಿಯ ಇಳಿಜಾರಿನಲ್ಲಿ ನಮ್ಮವರು ಇದ್ದಕ್ಕಿದ್ದ ಹಾಗೆ ಮಾತು ನಿಲ್ಲಿಸಿದರು. ಆಮೇಲೆ ಮೆಲ್ಲಗೆ ಅಂದರು: “ಬ್ರೇಕು ಕೆಳಗೆ ಹೋಗ್ತಾ ಇದೆ ಕಣೇ.”

ಮುಂದೆ ಒಂದು ಟ್ಯಾಂಕರ್ ಲಾರಿ. ಎಡಕ್ಕೆ ಕಣಿವೆ. ನಮ್ಮವರು ಗಾಬರಿಯಾಗದೆ ಮೂರನೇ ಗೇರು, ಎರಡನೇ ಗೇರು ಎಂದು ಇಳಿಸುತ್ತ ಬಂದರು. ಎಂಜಿನ್ ಗೋಳೋ ಎಂದು ಕೂಗುತ್ತಿತ್ತು. ಹ್ಯಾಂಡ್ ಬ್ರೇಕನ್ನು ಇಷ್ಟಿಷ್ಟೇ ಎಳೆದು, ರಸ್ತೆ ಪಕ್ಕ ಜಲ್ಲಿ ಸುರಿದಿದ್ದ ಕಡೆ ಗಾಡಿಯನ್ನು ಒರಗಿಸಿದರು. ಅತ್ತೆಯವರು ಕಣ್ಣು ಮುಚ್ಚಿ ಮಂಜುನಾಥನನ್ನು ಕರೆಯುತ್ತಿದ್ದವರು ಗಾಡಿ ನಿಂತ ಮೇಲೂ ಐದು ನಿಮಿಷ ಕಣ್ಣು ಬಿಡಲಿಲ್ಲ. ವಿಚಿತ್ರವೆಂದರೆ, ಮುಕ್ಕಾಲು ಗಂಟೆ ಕಾದ ಮೇಲೆ ಬ್ರೇಕು ತಾನಾಗಿಯೇ ಸರಿಯಾಯಿತು! ‘ದೇವರ ದಯೆ’ ಎಂದರು ಅತ್ತೆ. ದಯೆ ಖಂಡಿತ ಇತ್ತು. ಆದರೆ ಸರಿಯಾದದ್ದು ಹೇಗೆಂದು ನನಗೆ ತಿಳಿಯಲೇಬೇಕಿತ್ತು.

ಒಂದು ಬಾಟಲಿಯ ವಿಚಾರ

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ವಯಸ್ಸಾದ ಮೆಕ್ಯಾನಿಕ್ ಇದ್ದಾರೆ. ಕಣ್ಣು ಮಂಜಾಗಿ ಅಂಗಡಿ ಮುಚ್ಚಿದವರು. ಎಲ್ಲರೂ ‘ಮೇಸ್ತ್ರಿ’ ಎಂದೇ ಕರೆಯುವುದು. ಅವರು ಬಂದು ಬ್ರೇಕಿನ ಪುಟ್ಟ ಡಬ್ಬಿಯ ಮುಚ್ಚಳ ತೆಗೆಸಿ, ಬೆರಳದ್ದಿ ಹತ್ತಿರ ಹಿಡಿದು ನೋಡಿದರು. “ಅಮ್ಮಾ, ಇದು ಹರಳೆಣ್ಣೆ ಬಣ್ಣ ಇರಬೇಕಿತ್ತು. ಕಾಫಿ ಗಸಿ ಆಗೈತೆ. ಇದನ್ನ ಯಾರೂ ಬದಲಾಯಿಸಿಲ್ಲ” ಎಂದರು.

ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ, ಕೇಳಿ. ನಾವು ಪೆಡಲ್ ಒತ್ತಿದಾಗ ಪೈಪಿನೊಳಗಿನ ಈ ದ್ರವ ಆ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುತ್ತದೆ. ಎಲ್ಲರೂ ‘ಆಯಿಲ್’ ಎಂದರೂ ಅದು ಎಣ್ಣೆಯಲ್ಲ. ಮಳೆಗಾಲದ ಉಪ್ಪಿನ ಹಾಗೆ ಗಾಳಿಯ ತೇವವನ್ನು ಎಳೆದುಕೊಳ್ಳುವ ಗುಣ ಅದಕ್ಕೆ. ವರ್ಷಗಟ್ಟಲೆ ಬಿಟ್ಟರೆ ಒಳಗೆ ನೀರಿನಂಶ ಸೇರುತ್ತದೆ. ಘಾಟಿಯಲ್ಲಿ ಒಂದೇ ಸಮ ಬ್ರೇಕು ಒತ್ತಿದರೆ ಚಕ್ರದ ಬಳಿ ವಿಪರೀತ ಕಾವು. ತೇವ ಸೇರಿದ ದ್ರವ ಬೇಗ ಕುದಿದು ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಗುಳ್ಳೆಯನ್ನು ಒತ್ತಿದರೆ ಬಲೂನಿನ ಹಾಗೆ ಕುಗ್ಗುತ್ತದೆ. ಕಾಲು ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ತಣ್ಣಗಾದ ಮೇಲೆ ಗುಳ್ಳೆ ಇಳಿದು ಮತ್ತೆ ಗಟ್ಟಿ. ನಮ್ಮ ಪವಾಡದ ಗುಟ್ಟು ಇಷ್ಟೇ! ಬಾಟಲಿಯ ಬೆಲೆ ಕೇಳಿದರೆ ನೀವು ನಂಬಲಿಕ್ಕಿಲ್ಲ. ಒಂದು ಕೆ.ಜಿ. ಬಾದಾಮಿಗಿಂತ ಕಡಿಮೆ. ಅಷ್ಟಕ್ಕೆ ಐದು ಜೀವ.

ಆವತ್ತೇ ತೀರ್ಮಾನ ಮಾಡಿದೆ. ಕೆಲಸ ಯಾರೇ ಮಾಡಲಿ, ಏನು ಮಾಡಿದರೆಂದು ನೋಡುವಷ್ಟಾದರೂ ನಾನು ಕಲಿಯಬೇಕು.

ಈಗ ಎರಡು ವರ್ಷಕ್ಕೊಮ್ಮೆ ತಪ್ಪದೆ ಆ ದ್ರವ ಬದಲಿಸುತ್ತೇವೆ. ಇದಕ್ಕೆ ಇಬ್ಬರು ಬೇಕು, ಹಪ್ಪಳ ಒತ್ತುವ ಹಾಗೆ. ನಮ್ಮವರು ಒಳಗೆ ಕೂತು ಪೆಡಲ್ ಒತ್ತಿ ಹಿಡಿಯುತ್ತಾರೆ. ನಾನು ಚಕ್ರದ ಹಿಂದಿರುವ ಪುಟ್ಟ ನಿಪ್ಪಲನ್ನು ಸ್ಪಾನರಿನಲ್ಲಿ ಸಡಿಲಿಸುತ್ತೇನೆ. ಅದಕ್ಕೆ ಸಿಕ್ಕಿಸಿದ ಪಾರದರ್ಶಕ ನಳಿಕೆಯ ಇನ್ನೊಂದು ತುದಿ, ಸ್ವಲ್ಪ ಹೊಸ ದ್ರವ ಹಾಕಿಟ್ಟ ಹಾರ್ಲಿಕ್ಸ್ ಬಾಟಲಿಯಲ್ಲಿ ಮುಳುಗಿರುತ್ತದೆ. ಕಪ್ಪು ದ್ರವ, ಗುಳ್ಳೆ ಹೊರಬರುತ್ತವೆ. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ ಅವರು ಕಾಲು ತೆಗೆಯಬೇಕು. ಮೊದಲೇ ತೆಗೆದರೆ ಗಾಳಿ ಒಳಗೆ! “ಒತ್ರೀ!” “ಒತ್ತಿದೀನಿ!” “ಬಿಡಬೇಡ್ರೀ!” “ಎಷ್ಟೊತ್ತು ಕಣೇ?” ಮದುವೆಯಾದ ಮೇಲೆ ಅವರು ನನ್ನ ಮಾತನ್ನು ಇಷ್ಟು ಚಾಚೂತಪ್ಪದೆ ಕೇಳಿದ್ದು ಇದೊಂದರಲ್ಲೇ. ಡಬ್ಬಿಯಿಂದ ಎಲ್ಲಕ್ಕಿಂತ ದೂರದ ಚಕ್ರದಿಂದ, ಅಂದರೆ ಹಿಂದಿನ ಎಡಗಡೆಯದರಿಂದ ಶುರುಮಾಡಿ ಹತ್ತಿರದ್ದಕ್ಕೆ ಬರುತ್ತೇವೆ. ನಡುನಡುವೆ ಮೇಲಿನ ಡಬ್ಬಿ ಬರಿದಾಗದಂತೆ ತುಂಬಿಸುತ್ತಿರಬೇಕು. ಸೀಲು ಒಡೆಯದ ಹೊಸ ಬಾಟಲಿಯನ್ನೇ ಬಳಸಿ, ಮಿಕ್ಕದ್ದನ್ನು ಮುಂದಿನ ಸಲಕ್ಕೆ ಎತ್ತಿಡಬೇಡಿ. ಬಣ್ಣದ ಮೇಲೆ ಒಂದು ತೊಟ್ಟು ಬಿದ್ದರೂ ಪೇಂಟು ಏಳುತ್ತದೆ, ತಕ್ಷಣ ನೀರು ಸುರಿದು ತೊಳೆಯಿರಿ. ಇನ್ನೊಂದು ಮಾತು: ಮೊದಲ ಎರಡು ಸಲ ಮೇಸ್ತ್ರಿಗಳು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ನೀವೂ ಬಲ್ಲವರನ್ನು ಹಾಗೆ ಕೂರಿಸಿಕೊಂಡೇ ಮಾಡಿ, ಅವರು ಓಡಿಸಿ ನೋಡಿದ ಮೇಲೇ ರಸ್ತೆಗೆ ತನ್ನಿ. ಬರೀ ಜ್ಯಾಕ್ ಕೊಟ್ಟ ಗಾಡಿಯ ಕೆಳಗೆ ತಲೆ ಹಾಕಬೇಡಿ. ಇಟ್ಟಿಗೆ, ತೆಂಗಿನ ಕೊರಡು ನಂಬಬೇಡಿ. ಕಬ್ಬಿಣದ ಸ್ಟ್ಯಾಂಡ್ ಕೊಂಡುಕೊಳ್ಳಿ.

ಅಡುಗೆಮನೆಯಿಂದ ಹಿತ್ತಲಿಗೆ

ಉಳಿದದ್ದೆಲ್ಲ ಇದರ ಮುಂದೆ ಸಲೀಸು. ಬ್ಯಾಟರಿಯ ತುದಿಗಳಲ್ಲಿ ಬಿಳಿ-ಹಸಿರು ಬೂಷ್ಟು ಕಟ್ಟುತ್ತದೆ, ನೋಡಿರುತ್ತೀರಿ. ಅದಕ್ಕೆ ಮದ್ದು ಅಡುಗೆ ಸೋಡಾ! ಒಂದು ಲೋಟ ನೀರಿಗೆ ಒಂದು ಚಮಚ ಕಲಸಿ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದರೆ ಬುರುಬುರು ನೊರೆಯೆದ್ದು ಶುಭ್ರವಾಗುತ್ತದೆ. ಬ್ಯಾಟರಿಯ ಒಳಗೆ ಮಾತ್ರ ಸೋಡಾ ನೀರು ಹೋಗಬಾರದು. ಒರೆಸಿ, ತಂತಿ ಜೋಡಿಸಿ, ಮೇಲೆ ವ್ಯಾಸಲೀನ್ ಸವರಿ. ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಬೇಕು, ಕೊನೆಗೆ ಹಾಕಬೇಕು. ಬಳೆ, ಉಂಗುರ ತೆಗೆದಿಡಿ. ನಾನು ಒಮ್ಮೆ ತೆಗೆಯದೆ ಕಿಡಿ ಹಾರಿಸಿಕೊಂಡು ಬಳೆಗೆ ಕಚ್ಚು ಮಾಡಿಕೊಂಡಿದ್ದೇನೆ.

ನಮ್ಮೂರಿನ ಕೊಳವೆಬಾವಿ ನೀರು ಗಡಸು. ಬಿಸಿನೀರಿನ ಹಂಡೆಯ ತಳದಲ್ಲಿ ಬಿಳೀ ಪದರ ಕಟ್ಟುತ್ತದಲ್ಲ, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಅದೇ ಗತಿ. ಮಾವನವರ ಕಾಲದಲ್ಲಿ ಬಕೆಟ್ಟಿನ ನೀರನ್ನೇ ಸುರಿಯುತ್ತಿದ್ದರು, ಬೇಸಿಗೆಯಲ್ಲಿ ಅರಸೀಕೆರೆ ತಲುಪುವಷ್ಟರಲ್ಲಿ ಆವಿ! ಈಗ ಡಿಸ್ಟಿಲ್ಡ್ ವಾಟರಿಗೆ ಕೂಲೆಂಟ್ ಬೆರೆಸಿ ಹಾಕುತ್ತೇನೆ. ಬಿಸಿಯಿರುವಾಗ ಅದರ ಮುಚ್ಚಳ ತೆಗೆಯುವುದೂ ಒಂದೇ, ವಿಶಲ್ ಇಳಿಯದ ಕುಕ್ಕರ್ ತೆಗೆಯುವುದೂ ಒಂದೇ.

ಎಂಜಿನ್ ಆಯಿಲನ್ನು ಪಾಕ ನೋಡಿದ ಹಾಗೆ ನೋಡಬೇಕು. ಸಮ ನೆಲದಲ್ಲಿ ಗಾಡಿ ನಿಲ್ಲಿಸಿ, ಕಡ್ಡಿ ತೆಗೆದು ಒರೆಸಿ, ಮತ್ತೆ ಅದ್ದಿ ತೆಗೆಯಿರಿ. ಎರಡು ಗೆರೆಗಳ ನಡುವೆ ಇದ್ದರೆ ಸರಿ. ಕಪ್ಪಾಗಿದ್ದರೆ ಬದಲಿಸುವ ಕಾಲ. ಆದರೆ ಮಜ್ಜಿಗೆ ಬೆರೆಸಿದ ಹಾಗೆ ಬೆಳ್ಳಗಿದ್ದರೆ ಒಳಗೆ ನೀರು ಸೇರುತ್ತಿದೆ ಎಂದು ಅರ್ಥ. ಗಾಡಿ ತೆಗೆಯದೆ ಮೆಕ್ಯಾನಿಕ್ಕನ್ನು ಕರೆಸಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸ್ಪಾರ್ಕ್ ಪ್ಲಗ್. ನಾಲ್ಕನ್ನೂ ಬಿಚ್ಚಿ ಹಲಗೆಯ ಮೇಲೆ ಸಾಲಾಗಿ ಇಟ್ಟರೆ ಎಂಜಿನ್ನಿನ ನಾಲಿಗೆ ನೋಡಿದ ಹಾಗೆ! ತುದಿ ಹದವಾಗಿ ಹುರಿದ ರವೆಯ ಬಣ್ಣಕ್ಕಿದ್ದರೆ ಆರೋಗ್ಯ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು ಹೋಗುತ್ತಿದೆ. ಎಣ್ಣೆ ಜಿಡ್ಡಿದ್ದರೆ ಒಳಗೆ ಸವೆತ. ಬೆಳ್ಳಗೆ ಸುಟ್ಟಿದ್ದರೆ ಪೆಟ್ರೋಲು ಸಾಲದು, ಕಾವು ಜಾಸ್ತಿ. ಈ ಎಂಜಿನ್ನಿಗೆ ಪ್ಲಗ್ಗಿನ ಸಂದು ಸುಮಾರು 0.6 ಮಿ.ಮೀ. ಇರಬೇಕು. ಮೆಕ್ಯಾನಿಕ್‌ಗಳು ಡೆಲ್ಕೋ ಎನ್ನುವ ಡಿಸ್ಟ್ರಿಬ್ಯೂಟರಿನೊಳಗೆ ಪುಟ್ಟ ಪಾಯಿಂಟ್ ಇದೆಯಲ್ಲ, ಅದರ ಸಂದು ಸುಮಾರು 0.4. ಅಳೆಯಲು ಫೀಲರ್ ಗೇಜ್ ಎಂಬ ತೆಳು ಪಟ್ಟಿಗಳ ಗೊಂಚಲು ಸಿಗುತ್ತದೆ, ಬೆಲೆಯೂ ಹೆಚ್ಚಲ್ಲ. ಬೆಳಿಗ್ಗೆ ಹತ್ತು ಸಲ ಕೊರಗುಟ್ಟಿ ಸ್ಟಾರ್ಟ್ ಆಗುತ್ತಿದ್ದ ನಮ್ಮ ಗಾಡಿ, ಪಾಯಿಂಟನ್ನು ಉಜ್ಜಿ ಸಂದು ಸರಿಮಾಡಿದ ದಿನ ಎರಡನೇ ಸಲಕ್ಕೇ ಎದ್ದುಬಿಟ್ಟಿತು. ನಾನು ಅಂಗಳದಲ್ಲೇ ಚಪ್ಪಾಳೆ ತಟ್ಟಿದೆ. ಆದರೆ ವೈರುಗಳಿಗೆ ಒಂದು, ಎರಡು, ಮೂರು, ನಾಲ್ಕು ಎಂದು ಚೀಟಿ ಅಂಟಿಸದೆ ಬಿಚ್ಚಬೇಡಿ. ಒಮ್ಮೆ ಅದಲುಬದಲು ಹಾಕಿ, ಗಾಡಿ ಢಂ ಎಂದು ಸಿಡಿದ ಸದ್ದಿಗೆ ಪಕ್ಕದ ಮನೆಯವರ ಹಸು ಹಗ್ಗ ಕಿತ್ತುಕೊಂಡು ಓಡಿತು.

ಎಲ್ಲ ಅಡುಗೆಮನೆ ಉಪಾಯವೂ ಫಲಿಸುವುದಿಲ್ಲ, ಅದನ್ನೂ ಹೇಳಬೇಕು. ಹಿತ್ತಾಳೆ ಬೆಳಗುವ ಹುಮ್ಮಸ್ಸಿನಲ್ಲಿ ಕ್ರೋಮ್ ಪಟ್ಟಿಗೆ ಹುಣಸೆಹಣ್ಣು ಹಚ್ಚಿ ಸ್ಟೀಲ್ ಉಜ್ಜುಗದಲ್ಲಿ ತಿಕ್ಕಿದೆ. ಆ ಗೀರುಗಳು ಇವತ್ತಿಗೂ ಇವೆ. ಅಲ್ಲಿ ನಡೆಯುವುದು ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆ. ಒಂದು ತುಂಡನ್ನು ಮುದ್ದೆ ಮಾಡಿ, ನೀರಲ್ಲಿ ಅದ್ದಿ ಹಗುರವಾಗಿ ಉಜ್ಜಿದರೆ ತುಕ್ಕಿನ ಚುಕ್ಕೆ ಬಿಡುತ್ತದೆ. ಇಲಿಗೆ ನುಸಿಗುಳಿಗೆ ಇಟ್ಟು ನೋಡಿದೆ, ಹೊಗೆಸೊಪ್ಪು ಇಟ್ಟು ನೋಡಿದೆ. ಕೊನೆಗೆ ಕೆಲಸಕ್ಕೆ ಬಂದದ್ದು ಬೆಕ್ಕು.

ಹೊಸ ಪೆಟ್ರೋಲು, ಹಳೇ ರಬ್ಬರು

ಹಳೇ ಗಾಡಿ ಇಟ್ಟುಕೊಂಡವರು ಈಗ ಎಚ್ಚರ ವಹಿಸಬೇಕಾದ ಸಂಗತಿ ಇನ್ನೊಂದಿದೆ. 2025ರಿಂದ ದೇಶದ ಬಂಕುಗಳಲ್ಲೆಲ್ಲ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು ಬಂದಿದೆ. ಕಬ್ಬು, ಜೋಳ, ಅಕ್ಕಿಯಿಂದ ತೆಗೆಯುವ ಎಥನಾಲ್ ರೈತರಿಗೆ ಒಳ್ಳೆಯದಿರಬಹುದು, ನಮ್ಮ ಪೈಲ್ವಾನನ ಹೊಟ್ಟೆಗೆ ಅಷ್ಟು ಒಗ್ಗುವುದಿಲ್ಲ. ಹಳೇ ಕಾಲದ ರಬ್ಬರನ್ನು ಅದು ಮೆತ್ತಗೆ ಮಾಡಿ ಸೀಳಿಸುತ್ತದೆ. ಬ್ರೇಕ್ ದ್ರವದ ಹಾಗೆಯೇ ತೇವವನ್ನೂ ಎಳೆಯುತ್ತದೆ. ಆದ್ದರಿಂದ ಎಥನಾಲ್ ತಡೆಯುವ ಹೊಸ ಪೆಟ್ರೋಲ್ ಪೈಪ್ ಕೇಳಿ ಹಾಕಿಸಿ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕಿನಲ್ಲಿ ಹಳೇ ಪೆಟ್ರೋಲು ಬಿಡಬೇಡಿ. ಬಾನೆಟ್ ತೆಗೆದಾಗ ಪೆಟ್ರೋಲಿನ ವಾಸನೆ ಬಂದರೆ ಸ್ಟಾರ್ಟ್ ಮಾಡಲೇಬೇಡಿ, ಮೊದಲು ಎಲ್ಲಿ ಒಸರುತ್ತಿದೆ ನೋಡಿ. ಹತ್ತಿರ ಒಲೆ, ಊದುಬತ್ತಿ ಏನೂ ಬೇಡ.

ಟೈರಿನದೂ ಅಷ್ಟೇ. ಗೆರೆ ಆಳವಾಗಿದೆ ಎಂದು ಮೋಸ ಹೋಗಬೇಡಿ, ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3219 ಎಂದಿದ್ದರೆ 2019ರ ಮೂವತ್ತೆರಡನೇ ವಾರ ತಯಾರಾದದ್ದು. ನಿಂತ ಗಾಡಿಯ ಟೈರು ಸವೆಯದೆಯೇ ಮುದಿಯಾಗುತ್ತದೆ.

ಹದಿನೈದು ವರ್ಷ ತುಂಬಿದ ಸ್ವಂತ ಗಾಡಿಗೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕಲ್ಲ, ನಮ್ಮದು 2025ಕ್ಕೆ ಬಂತು. ನಮ್ಮವರು ಮೊದಲೇ ಹೇಳಿಬಿಟ್ಟಿದ್ದರು: “ನೋಡು ಕಣೇ, ಪಾಸಾದ್ರೆ ಇಟ್ಕೊಳ್ಳೋಣ. ಫೇಲಾದ್ರೆ ಗುಜರಿಗೆ. ಲೀಟರಿಗೆ ಎಂಟು ಕಿಲೋಮೀಟರ್ ಕೊಡೋ ಗಾಡಿಗೆ ಇನ್ನು ನಾನು ದುಡ್ಡು ಹಾಕಲ್ಲ.” ಅವರದೂ ತಪ್ಪಲ್ಲ. ಮಗಳ ಕಾಲೇಜಿನ ಫೀಸು ಕಟ್ಟಬೇಕಿತ್ತು, ಕೊಬ್ಬರಿ ವ್ಯಾಪಾರ ಗೊತ್ತೇ ಇದೆಯಲ್ಲ, ಒಂದು ವರ್ಷ ಇದ್ದ ಹಾಗೆ ಇನ್ನೊಂದು ವರ್ಷವಿಲ್ಲ. ಅತ್ತೆಯವರು ಈ ಮಾತು ಕೇಳಿಸಿಕೊಂಡು ಏನೂ ಅನ್ನಲಿಲ್ಲ. ರಾತ್ರಿ ಊಟ ಮಾತ್ರ ಅರ್ಧಕ್ಕೇ ಬಿಟ್ಟೆದ್ದರು.

ಹದಿನೈದು ದಿನ ಹಿತ್ತಲಿನಲ್ಲೇ ಕಳೆದೆ. ಹಾರ್ನಿನ ತಂತಿ, ವೈಪರಿನ ರಬ್ಬರು, ಹಿಂದಿನ ಕೆಂಪು ದೀಪ. ಬಾಗಿಲುಗಳ ತಳದಲ್ಲಿ ನೀರು ಇಳಿಯಲೆಂದು ಮಾಡಿರುವ ಸಣ್ಣ ತೂತುಗಳು ಮಣ್ಣು ಕಟ್ಟಿದ್ದವು, ಕಡ್ಡಿ ಹಾಕಿ ಬಿಡಿಸಿದೆ. ತುಕ್ಕು ಶುರುವಾಗುವುದೇ ಅಲ್ಲಿಂದ. ಕಾರ್ಬೊರೇಟರನ್ನು ಮೇಸ್ತ್ರಿಗಳೇ ಮುಂದೆ ಕೂತು ನನ್ನ ಕೈಲಿ ತೊಳೆಸಿದರು. ಹೊಗೆ ತಪಾಸಣೆ ಒಂದೇ ಸಲಕ್ಕೆ ಆಯಿತು. ಬ್ರೇಕಿನ ದ್ರವ ಮತ್ತೊಮ್ಮೆ ಬದಲಿಸಿದೆವು, “ಒತ್ರೀ”, “ಬಿಡ್ರೀ” ಸಮೇತ.

ಆರ್.ಟಿ.ಓ. ಕಚೇರಿಯ ಮೈದಾನದಲ್ಲಿ ಇನ್‌ಸ್ಪೆಕ್ಟರು ದೀಪ ನೋಡಿದರು, ಎಂಜಿನ್ ನಂಬರು, ಚಾಸಿ ನಂಬರು ಉಜ್ಜಿ ನೋಡಿದರು. ಆಮೇಲೆ ನಮ್ಮವರಿಗೆ, “ಸ್ವಲ್ಪ ಸ್ಪೀಡಲ್ಲಿ ಬಂದು ನಾನು ಕೈ ತೋರಿಸಿದಾಗ ಬ್ರೇಕ್ ಹಾಕಿ” ಎಂದರು. ಗಾಡಿ ಆ ತುದಿಯಿಂದ ಬರುವಾಗ ನನಗೆ ಶಿರಾಡಿಯ ಆ ಜಲ್ಲಿರಾಶಿಯೇ ಕಣ್ಣ ಮುಂದೆ. ನಿಪ್ಪಲ್ ಸರಿಯಾಗಿ ಬಿಗಿ ಮಾಡಿದ್ದೆನೇ? ಎಡಗಡೆಯದು? ಕೈ ಮೇಲೆದ್ದಿತು. ಪೈಲ್ವಾನ ಮೂತಿ ಬಗ್ಗಿಸಿ, ಅತ್ತಿತ್ತ ಎಳೆಯದೆ, ನೆಟ್ಟಗೆ ನಿಂತ. ಇನ್‌ಸ್ಪೆಕ್ಟರು “ಬ್ರೇಕ್ ಚೆನ್ನಾಗಿಟ್ಟಿದ್ದೀರಿ, ಎಲ್ಲಿ ಮಾಡಿಸ್ತೀರಿ?” ಎಂದು ಕೇಳಿದರು. ನಮ್ಮವರು ನನ್ನ ಕಡೆ ಕೈ ತೋರಿಸಿದರು. ನಾನು ಸೆರಗಿನಲ್ಲಿ ಕೈಯ ಗ್ರೀಸು ಮುಚ್ಚಿಕೊಂಡೆ.

2030ರವರೆಗೆ ಚಿಂತೆಯಿಲ್ಲ. ಸಂಜೆ ಅತ್ತೆಯವರನ್ನು ಕೂರಿಸಿಕೊಂಡು ಕೆರೆ ಏರಿಯವರೆಗೆ ಹೋಗಿಬಂದೆವು. ಅವರು ಸೀಟಿನ ಮೇಲೆ ಕೈಯಾಡಿಸುತ್ತ ಕೂತಿದ್ದವರು, “ನಿಮ್ಮ ಮಾವ ಇಷ್ಟು ಮೆಲ್ಲಗೆ ಓಡಿಸ್ತಿರಲಿಲ್ಲ ಕಣಮ್ಮಾ” ಎಂದರು.

ಈಗ ಒಂದೇ ಕೊರತೆ. ಎಂಜಿನ್ ಸಾಮಾನು ಸಿಕ್ಕ ಹಾಗೆ ಮೈಯ ಸಾಮಾನು ಸಿಗುವುದಿಲ್ಲ. ಹಿಂದಿನ ಎಡ ಬಾಗಿಲಿನ ರಬ್ಬರ್ ಪಟ್ಟಿ ಹರಿದುಹೋಗಿದೆ, ಮಳೆ ಬಂದರೆ ಅತ್ತೆಯವರ ಸೀಟೇ ನೆನೆಯುತ್ತದೆ. ಗಟ್ಟಿ ಟೇಪು ಅಂಟಿಸಿ ಕಾಲ ಹಾಕುತ್ತಿದ್ದೇನೆ. ನಿಮ್ಮ ಪೈಕಿ ಯಾರ ಮನೆಯ ಹಿತ್ತಲಿನಲ್ಲಾದರೂ ಇಂಥದೇ ಗಾಡಿ ಬಿಡಿಭಾಗವಾಗಿ ಬಿದ್ದಿದ್ದರೆ, ಆ ಪಟ್ಟಿ ಇನ್ನೂ ಮೆತ್ತಗಿದ್ದರೆ, ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಒಂದು ಕಾಗದ ಹಾಕಿ.